ನಲ್ಲಿಗೆ ಬೆನ್ನು ಹಾಕಿ ಕೂತ ಅಂದಾನಪ್ಪ

ಅಂದಾನಪ್ಪ ಈಗಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಗಬಹುದು.

ಅವನು ಶಿರಸಿ ಮುನ್ಸಿಪಾಲ್ಟಿಯ ನಲ್ಲಿ ಕಾವಲುಗಾರ. ಹುಟ್ಟಿದ್ದು ಮೂಡಲ ಕಡೆ, ದಾಸನಕೊಪ್ಪದ ಹತ್ತಿರ. ಅಲ್ಲಿ ಬಾವಿ ಆಳ. ತಾಯಿ ಹಗ್ಗ ಬಿಡುತ್ತಿದ್ದಳು. ಕೊಡ ಮುಳುಗಿತೇ, ಎಷ್ಟು ತುಂಬಿತು ಎಂದು ಕಿವಿಗೊಟ್ಟು ಹೇಳುವುದು ಮಗನ ಕೆಲಸ. ಅಕ್ಷರ ಮೂರನೇ ಇಯತ್ತೆಗೆ ನಿಂತಿತು. ಕಿವಿ ನಿಲ್ಲಲಿಲ್ಲ.

ಬಜಾರದ ತುದಿಯ ನಲ್ಲಿಯ ಬಳಿ ಒಂದು ಕಲ್ಲಿತ್ತು. ಅದರ ಮೇಲೆ ಅವನು ನಲ್ಲಿಗೆ ಬೆನ್ನು ಹಾಕಿ ಕೂರುತ್ತಿದ್ದ. ಹೆಂಗಸರು ಸೆರಗು ಸಿಕ್ಕಿಸಿ ನೀರು ಹಿಡಿಯುವ ಜಾಗದಲ್ಲಿ ಗಂಡಸು ಕಣ್ಣು ನೆಟ್ಟು ಕೂರಬಾರದು ಎಂದು ಅವನ ತಾಯಿ ಹೇಳಿದ್ದಳು. ಕಣ್ಣು ಯಾಕೆ ಬೇಕು? ಕೊಡಕ್ಕೆ ನೀರು ಬೀಳುವ ಸದ್ದು ಮೊದಲು ದಪ್ಪ. ತುಂಬಿದಂತೆ ಸಣ್ಣ. ಕಂಠಕ್ಕೆ ಬಂದಾಗ ಕೀಚಲು. ಕೀಚಲಾಗುವ ಒಂದು ಉಸಿರು ಮೊದಲೇ ಅಂದಾನಪ್ಪ ಸೀಟಿ ಊದುತ್ತಿದ್ದ. ಸೀಟಿ ಎಂದರೆ ಕೊಡ ಎತ್ತು ಎಂದರ್ಥ. ಊರಿನವರಿಗೆಲ್ಲ ಗೊತ್ತು.

"ದೇವಕಕ್ಕಾ, ನಿಮ್ಮ ಕೊಡದ ತಳಕ್ಕ ನಗ್ಗು ಬಿದ್ದೇತಿ. ಸದ್ದು ಬ್ಯಾರೆ ಬರಾಕತ್ತೇತಿ" ಎನ್ನುತ್ತಿದ್ದ, ತಿರುಗದೆ.

ನಲ್ಲಿಯ ಎದುರುಮನೆಯ ದೇವಕಿ ಕೊಡ ಮಗುಚಿ ನೋಡಿದರೆ ಹೌದು, ನಗ್ಗು. "ನಿಂಗೆ ಬೆನ್ನಲ್ಲಿ ಕಣ್ಣಿದ್ದಾ ಮಾರಾಯಾ?" ಎಂದು ಅವಳು ಸೆರಗು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದಳು.

ಅರವತ್ತಾರರ ಬೇಸಿಗೆ ಬಂತು. ಹಿಂದಿನ ಮಳೆ ಕೈಕೊಟ್ಟಿತ್ತು. ಯುಗಾದಿಗೆ ಮೊದಲೇ ಕೆರೆಯ ಮೆಟ್ಟಿಲುಗಳು ಒಂದೊಂದಾಗಿ ಹೊರಗೆ ಬಂದವು. ಎಪ್ಪತ್ತು ವರ್ಷದ ಮುದುಕರೂ ಕಾಣದ ಮೆಟ್ಟಿಲುಗಳು. ಮುನ್ಸಿಪಾಲ್ಟಿ ಸಭೆ ಕೂಡಿ ನಿಯಮ ಮಾಡಿತು. ಡಂಗುರದ ಚೌಡ ಹಲಗೆ ಬಡಿದು ಓಣಿ ಓಣಿಯಲ್ಲಿ ಸಾರಿದ. ನಲ್ಲಿ ಬೆಳಿಗ್ಗೆ ಎರಡು ತಾಸು ಮಾತ್ರ. ಅಂಗಳ ತೊಳೆಯುವಂತಿಲ್ಲ. ಗಾಡಿ, ಎಮ್ಮೆ, ಮೋಟಾರು ತೊಳೆಯುವಂತಿಲ್ಲ. ಮದುವೆಯಲ್ಲಿ ಓಕುಳಿ ಇಲ್ಲ. ಮಿಂದ ನೀರು ಗಟಾರ ಮುಟ್ಟುವಂತಿಲ್ಲ. ಕೊನೆಯ ನಿಯಮ ಹೇಳುವಾಗ ಚೌಡ ಹಲಗೆಯನ್ನು ಎರಡು ಸಲ ಬಡಿದ: ನಲ್ಲಿಯಲ್ಲಿ ಯಾರ ಪಾತ್ರೆ ತುಂಬಿ ಚೆಲ್ಲಿತೋ ಆ ಪಾತ್ರೆ ಜಪ್ತಿ. ಹೊಸ ಮಳೆಗೆ ಕೆರೆಯ ಕೆಳಗಿನಿಂದ ಮೂರನೇ ಮೆಟ್ಟಿಲು ಮುಳುಗುವ ತನಕ ಅದು ಮುನ್ಸಿಪಾಲ್ಟಿ ಕೋಣೆಯಿಂದ ಹೊರಬೀಳತಕ್ಕದ್ದಲ್ಲ.

ಜನ ನಕ್ಕರು. ಮರುದಿನವೇ ಅಂದಾನಪ್ಪ ಆರು ಕೊಡ ಜಪ್ತಿ ಮಾಡಿದ. ಮೂರನೇ ದಿನ ಅಧ್ಯಕ್ಷರ ಮನೆಯ ಆಳು ದೊಡ್ಡ ಕೊಪ್ಪರಿಗೆಯನ್ನು ನಲ್ಲಿಗಿಟ್ಟು ಎಲೆಯಡಿಕೆ ಹಾಕಲು ಹೋದ. ಅದು ನೂರು ಜನರ ಪಾಯಸ ಬೇಯುವ ಕೊಪ್ಪರಿಗೆ. ಸೀಟಿ ಕೇಳಿತು. ಆಳು ಬರಲಿಲ್ಲ. ಕೊಪ್ಪರಿಗೆ ಚೆಲ್ಲಿತು. ನಾಲ್ಕು ಜನ ಹೊತ್ತು ಅದನ್ನು ಕೋಣೆಗೆ ಸೇರಿಸಿದರು. ಅಧ್ಯಕ್ಷರು ಏನೂ ಹೇಳುವಂತಿರಲಿಲ್ಲ. ನಿಯಮದ ಕಾಗದದ ಕೆಳಗೆ ಸಹಿ ಅವರದೇ. ಅವರ ಹೆಂಡತಿ ಮಾತ್ರ ಅಂದಿನಿಂದ ಅಂದಾನಪ್ಪ ಎದುರಾದರೆ ಬೀದಿ ದಾಟುತ್ತಿದ್ದರು.

ಹೀಗಿರುವಾಗ ಬನವಾಸಿಯಿಂದ ಗಿರಿಜವ್ವ ಬಂದಳು.

ಅವಳಿಗೆ ಹತ್ತೊಂಬತ್ತು. ನಗು ಸುರುವಾದರೆ ನಿಲ್ಲುತ್ತಿರಲಿಲ್ಲ, ನಿಲ್ಲಿಸಲು ಹೋದರೆ ಬಿಕ್ಕಳಿಕೆ ಹತ್ತುತ್ತಿತ್ತು. ಅವಳಿಗೂ ಅಂದಾನಪ್ಪನಿಗೂ ಮದುವೆಯ ಮಾತು ನಡೆದಿತ್ತು. ಜಾತಕ ಕೂಡಿತ್ತು, ಮುಖ ಕೂಡಿರಲಿಲ್ಲ. ಅವಳ ತಾಯಿ ಪಾರ್ವತವ್ವನದು ಒಂದು ಪದ್ಧತಿ. ಗಂಡನ್ನು ಹೇಳದೆ ಕೇಳದೆ ಹೋಗಿ ನೋಡಬೇಕು.

"ನೋಡಾಕ ಬರ್ತೀವಿ ಅಂದ್ರ ಎಲ್ಲಾ ಗಂಡಸರೂ ಕ್ರಾಪು ತೀಡಿ ಶಾಣ್ಯಾರಾಗಿ ಕುಂದರ್ತಾರ. ಕೆಲಸದ ಮ್ಯಾಲಿದ್ದಾಗ ನೋಡಬೇಕು. ಸಿಟ್ಟು, ಸ್ವಭಾವ ಎಲ್ಲಾ ಅಲ್ಲೇ ಕಾಣ್ತೈತಿ."

ಶಿರಸಿಯಲ್ಲಿ ಗಿರಿಜವ್ವನ ದೊಡ್ಡವ್ವನ ಮನೆ. ಇಬ್ಬರೂ ಅಲ್ಲಿ ಇಳಿದುಕೊಂಡರು. ಹಿಂದಿನ ದಿನವಷ್ಟೇ ಸೋದರಮಾವ ಪೇಟೆಯಲ್ಲಿ ಹಿತ್ತಾಳೆ ಕೊಡ ಕೊಡಿಸಿದ್ದ. ಹೊಟ್ಟೆಯ ಮೇಲೆ ಹೆಸರು ಕೊರೆಸಿದ್ದ: ಗಿರಿಜವ್ವ, ಬನವಾಸಿ. ಅದು ಮದುವೆಯ ಕೊಡ. ಅವರ ಮನೆತನದಲ್ಲಿ ಸುರಗಿ ಸುತ್ತುವಾಗ ನಾಲ್ಕು ಮೂಲೆಗೆ ನಾಲ್ಕು ಕೊಡ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಹೆಣ್ಣುಗಂಡನ್ನು ಕೂರಿಸಿ ಅರಿಸಿನದ ನೀರು ಹಾಕುತ್ತಾರೆ. ಮೊದಲ ಮೂಲೆಯ ಕೊಡ ಸೋದರಮಾವನದೇ ಆಗಬೇಕು. ಅದಿಲ್ಲದಿದ್ದರೆ ಸುರಗಿ ಇಲ್ಲ. ಸುರಗಿ ಇಲ್ಲದಿದ್ದರೆ ಮದುವೆ ಇಲ್ಲ.

"ಹೊಸ ಕೊಡಕ್ಕ ಮೊದಲ ನೀರು ಹಿಡಿಯೂ ನೆವ ಮಾಡೂಣು" ಎಂದಳು ಪಾರ್ವತವ್ವ.

ಬೆಳಿಗ್ಗೆ ಸಾಲಿನಲ್ಲಿ ನಿಂತರು. ಗಿರಿಜವ್ವ ಕುತ್ತಿಗೆ ಉದ್ದ ಮಾಡಿದಳು. ಕಂಡದ್ದು ಬೆನ್ನು. ಖಾಕಿ ಅಂಗಿ. ಎರಡು ದೊಡ್ಡ ಕಿವಿ.

"ಮುಖ ಎಲ್ಲೈತೇ?" ತಾಯಿ ಪಿಸುಗುಟ್ಟಿದಳು.

"ಆ ಕಡೆ ಐತಿ."

"ಅದು ನನಗೂ ಗೊತ್ತೈತಿ. ಈ ಕಡೆ ಯಾವಾಗ ಬರ್ತೈತಿ?"

ಸರದಿ ಬಂತು. ಗಿರಿಜವ್ವ ಕೊಡ ಇಟ್ಟಳು. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು ಕಾದಳು. ಹೊಸ ಕೊಡದ ಸದ್ದಿಗೆ ಅವನ ಬಲಗಿವಿ ತುಸು ಅಲುಗಿತು, ಆಕಳ ಕಿವಿ ಅಲುಗಿದ ಹಾಗೆ. ಅವಳಿಗೆ ನಗು ಬಂತು. ಸೀಟಿ ಕೇಳಿತು. ಸೀಟಿ ಊದಿದ ಎಂದರೆ ಇನ್ನು ತಿರುಗುತ್ತಾನೆ ಎಂದುಕೊಂಡಳು. ಕೊಡ ಬಿಟ್ಟು ಸೆರಗು ಸರಿಮಾಡಿಕೊಂಡಳು. ಕುಂಕುಮ ಸರಿಯಾಗಿದೆಯೇ ಎಂದು ತಾಯಿಯ ಕಡೆ ನೋಡಿದಳು. ತಾಯಿ ಸರಿಯಾಗಿದೆ ಎಂದು ತಲೆಯಾಡಿಸಿದಳು.

ಇನ್ನೊಂದು ಸೀಟಿ.

"ಏ ಕೂಸೇ, ಕೊಡ ತೆಗ್ಯೇ!" ಎಂದು ದೇವಕಿ ಕೂಗಿದಳು.

ಅಷ್ಟರಲ್ಲಿ ನೀರು ಕಂಠ ದಾಟಿತು. ಹೊಸ ಹಿತ್ತಾಳೆಯ ಹೊಟ್ಟೆಯ ಮೇಲೆ ಇಳಿದು ನೆಲಕ್ಕೆ ಬಿತ್ತು. ಆಗ ಅಂದಾನಪ್ಪ ತಿರುಗಿದ.

ಮುಖ ಚೆನ್ನಾಗಿಯೇ ಇತ್ತು. ಸೀಟಿ ಕಚ್ಚುವ ಕಡೆ ಮೀಸೆ ಸ್ವಲ್ಪ ಸವೆದಿತ್ತು, ಅಷ್ಟೇ.

"ಯಾವೂರವ್ವಾ?"

"ಬನವಾಸಿ."

"ಬನವಾಸ್ಯಾಗ ಸೀಟಿ ಕೇಳಸೂದಿಲ್ಲೇನು?"

"ಕೇಳಸ್ತೈತಿ. ಊದಿದವರ ಮುಖ ಕಾಣಸೂದಿಲ್ಲ."

ಸಾಲು ನಕ್ಕಿತು. ಅಂದಾನಪ್ಪ ನಗಲಿಲ್ಲ. ಕೊಡದ ನೀರನ್ನು ಹನಿ ಬೀಳದಂತೆ ದೇವಕಿಯ ಕೊಡಕ್ಕೆ ಬಗ್ಗಿಸಿದ. ಖಾಲಿ ಕೊಡವನ್ನು ಬೆಳಕಿಗೆ ಹಿಡಿದು ಹೆಸರು ಓದಿದ. ಅಕ್ಷರ ಅಕ್ಷರವಾಗಿ ಓದುತ್ತಿದ್ದ. "ಗಿ... ರಿ... ಜ... ವ್ವ." ಅಲ್ಲಿಗೆ ನಿಂತ. ಕಿವಿ ಎರಡೂ ಕೆಂಪಾದವು.

"ಗಿರಿಜವ್ವ ಅಂದ್ರ... ಪಾರ್ವತವ್ವನ ಮಗಳು?"

"ಹೌದ್ರಿ. ಪಾರ್ವತವ್ವ ಅಂದ್ರ ಇಕಿ."

ನಲ್ಲಿ ಒಂದು ಹನಿ ಬಿಟ್ಟಿತು. ಅಂದಾನಪ್ಪ ಸೀಟಿಯನ್ನು ಬಾಯಿಂದ ತೆಗೆದ. ಅಂಗಿಗೆ ಒರೆಸಿದ. ಮತ್ತೆ ಬಾಯಿಗಿಟ್ಟ. ಮತ್ತೆ ತೆಗೆದ.

"ನಿಯಮ ಐತ್ರೀ... ಅತ್ತೀ" ಎಂದ.

ಅತ್ತಿ ಎಂಬುದು ತಾನಾಗಿ ಬಂದುಬಿಟ್ಟಿತ್ತು. ದೇವಕಿ ತನ್ನ ಕೊಡದ ಮೇಲೇ ಕುಸಿದು ನಕ್ಕಳು. ಗಿರಿಜವ್ವನಿಗೆ ನಗು ಸುರುವಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಿಕ್ಕಳಿಕೆ ಹತ್ತಿತು.

ಕೊಡವನ್ನು ಹೆಗಲಿಗೇರಿಸಿಕೊಂಡ ಅಂದಾನಪ್ಪ ಗಂಭೀರವಾಗಿ ಹೇಳಿದ: "ಬಿಕ್ಕಳಿಕಿಗೆ ಒಂದ್ ಗುಟುಕು ನೀರು ಕುಡೀರಿ. ಅದಕ್ಕ ನಿಯಮದ ಅಡ್ಡಿ ಇಲ್ಲ."

ಗಿರಿಜವ್ವ ಅಲ್ಲೇ ತೀರ್ಮಾನ ಮಾಡಿದಳು. ಇವನೇ.

ಪಾರ್ವತವ್ವ ತೀರ್ಮಾನ ಮಾಡಿದ್ದು ಬೇರೆ. ಮನೆಗೆ ಬಂದವಳು ಜಗುಲಿಯ ಮೇಲೆ ಚೀಲ ಕುಕ್ಕಿದಳು. "ಅತ್ತಿ ಅಂತಾನ, ಕೊಡ ಕಸಗೊಂಡು ಹೋಗ್ತಾನ! ಎಲ್ಲಿ ಕಲ್ತಾನ ಈ ಮರ್ಯಾದಿ? ಅಕ್ಷಯ ತದಿಗಿಗೆ ಲಗ್ನ ಅಂತ ಮಾತಾಡಿದ್ದು. ಮಳಿ ಯಾವಾಗ ಬರಬೇಕು, ಕೊಡ ಯಾವಾಗ ಬರಬೇಕು? ಲಗ್ನದೊಳಗ ಸೋದರಮಾವನ ಕೊಡಕ್ಕ ನೂಲು ಬೀಳಲಿಲ್ಲ ಅಂದ್ರ ಹಾನಗಲ್ಲಿನವರಿಗೆ ಹೂಂ ಅಂತೀನಿ."

ಮೊದಲೇ ಹೆಣ್ಣು ಕೇಳಿದ್ದ ಹಾನಗಲ್ಲಿನವನದು ಬಟ್ಟೆ ಅಂಗಡಿ. ಕೆಟ್ಟವನಲ್ಲ. ಆದರೆ ಅವನು ಒಂದು ಮಾತು ಮುಗಿಸುವುದರೊಳಗೆ ಎಮ್ಮೆ ಕರೆದು ಹಾಲು ಕಾಯಿಸಬಹುದಿತ್ತು. ಅವನ ಜೊತೆ ನಗುವುದು ಹೇಗೆ? ನಗು ಬರುವಷ್ಟರಲ್ಲಿ ಸಂಜೆಯಾಗುತ್ತದೆ.

ಲಗ್ನಕ್ಕೆ ಇನ್ನು ಹದಿನೆಂಟು ದಿನ ಇತ್ತು. ಗಿರಿಜವ್ವ ದಿನಾ ಮೋಡ ನೋಡಿದಳು. ಮೋಡ ಇರಲಿಲ್ಲ.

ನೂರ್ ಅಹ್ಮದ್ ನೀರಿನ ಪೀಪಾಯಿಯ ಗಾಡಿ ಹೊಡೆಯುತ್ತಿದ್ದ. ದೂರದ ಓಣಿಗಳಿಗೆ ಮುನ್ಸಿಪಾಲ್ಟಿ ನೀರು ಕೊಡುತ್ತಿದ್ದವನು ಅವನೇ. ನೀರಿನ ಜೊತೆ ಸುದ್ದಿಯೂ ಬರುತ್ತಿತ್ತು. ಒಂದು ಬೆಳಿಗ್ಗೆ ದೊಡ್ಡವ್ವನ ಬಾಗಿಲಲ್ಲಿ ಎತ್ತು ನಿಲ್ಲಿಸಿ ಹೇಳಿದ:

"ಗಿರಿಜಾಬಾಯಿ, ಕೇಳಿದ್ರಾ? ಕಚೇರಿಯಾಗ ಕಾರಕೂನ ನಾಗಪತಿ ಅವರು ಅಂದಾನಪ್ಪಂಗೆ ಅಂದ್ರು, 'ಕೋಣೆ ಕೀಲಿ ಆನು ಮೇಜಿನ ಮೇಲೆ ಇಟ್ಟು ಚಾ ಕುಡಿಯಲೆ ಹೋಗ್ತೆ. ಬಪ್ಪಲೆ ಅರ್ಧ ತಾಸು ಬೇಕು. ಎಂತ ಆತು ಹೇಳಿ ಆನು ಕೇಳ್ತ್ನಿಲ್ಲೆ.' ಅಂದ್ರೆ ಕೊಡ ಒಯ್ದುಬಿಡು ಅಂತ. ಅವರು ಹೋದ್ರು. ವಾಪಸ್ ಬಂದ್ರೆ ಕೀಲಿ ಅಲ್ಲೇ. ಕೊಡ ಅಲ್ಲೇ. ಈ ಪುಣ್ಯಾತ್ಮ ಕೀಲಿಗೆ ಬೆನ್ನು ಹಾಕಿ ಕೂತಾನೆ!"

"ಯಾಕಂತ?"

"ನಾನೂ ಕೇಳ್ದೆ. 'ಇವತ್ತು ನನ್ನ ಹೆಂಡ್ತಿ ಕೊಡ ಬಿಟ್ರೆ ನಾಳೆ ಅಧ್ಯಕ್ಷರ ಹೆಂಡ್ತಿ ಕೊಪ್ಪರಿಗಿ ಬಿಡಬೇಕು. ನಾಡಿದ್ದು ನಲ್ಲಿ ಬಿಟ್ಟುಬಿಡಬೇಕು' ಅಂದ."

ಗಿರಿಜವ್ವ ಬೇರೆ ಏನೂ ಕೇಳಿಸಿಕೊಳ್ಳಲಿಲ್ಲ. "ನನ್ನ ಹೆಂಡ್ತಿ ಅಂದ್ನಾ?"

"ಅಂದ. ಅಂದು ಕಿವಿ ಕೆಂಪು ಮಾಡ್ಕೊಂಡ."

ಮದುವೆಗೆ ಒಂಬತ್ತು ದಿನ ಇದ್ದಾಗ ಗಿರಿಜವ್ವ ಒಬ್ಬಳೇ ಕಚೇರಿಗೆ ಹೋದಳು. ಅವಳಿಗೆ ಓದಲು ಬರುತ್ತಿದ್ದದ್ದು ಕೊಡದ ಮೇಲಿನ ತನ್ನ ಹೆಸರು ಒಂದೇ. ನಾಗಪತಿಯ ಮೇಜಿನ ಮುಂದೆ ನಿಂತಳು.

"ಆ ನಿಯಮ ಓದಿ ಹೇಳ್ರಿ. ಕೊಡದ್ದು."

ನಾಗಪತಿ ಕನ್ನಡಕ ಹಾಕಿ ಓದಿದರು. ಜಪ್ತಿಯಾದ ಪಾತ್ರೆ ಕೋಣೆಯಿಂದ ಹೊರಬೀಳತಕ್ಕದ್ದಲ್ಲ.

"ಇನ್ನೊಮ್ಮೆ ಓದ್ರಿ."

ಓದಿದರು.

"ಕೊಡ ಹೊರಗ ಬರಬಾರದು ಅಂತ ಐತಿ. ನಾವು ಒಳಗ ಬರಬಾರದು ಅಂತ ಐತೇನ್ರಿ?"

ನಾಗಪತಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು. "ಇಲ್ಲೆ" ಎಂದರು. ಕನ್ನಡಕ ತೆಗೆದರು. "ಎಂತ ತಂಗೀ, ಒಳಗೆ ಬಂದು ಎಂತ ಮಾಡ್ತೆ?"

"ಸುರಗಿ ಸುತ್ತಸ್ಕೊಂತೀನಿ."

ನಾಗಪತಿ ಹನ್ನೆರಡು ವರ್ಷದ ಕಾರಕೂನಿಕೆಯಲ್ಲಿ ಕಚೇರಿಯೊಳಗೆ ನಕ್ಕವರಲ್ಲ. ಅಂದು ನಕ್ಕರು. ಹೊಟ್ಟೆ ಹಿಡಿದುಕೊಂಡೇ ಅಧ್ಯಕ್ಷರ ಕೋಣೆಗೆ ಹೋದರು. ಅಧ್ಯಕ್ಷರು ಕೇಳಿ ಮೀಸೆ ಸವರಿದರು. "ನಮ್ಮ ಕೊಪ್ಪರಿಗೆಯೂ ಅಲ್ಲೇ ಇದೆ. ಅದಾದರೂ ಒಂದು ಮದುವೆ ಕಾಣಲಿ" ಎಂದು ಸಹಿ ಮಾಡಿಕೊಟ್ಟರು.

ಪಾರ್ವತವ್ವ ಸುಲಭಕ್ಕೆ ಒಪ್ಪಲಿಲ್ಲ. ಕೊಡಕ್ಕೆ ನೂಲು ಬೀಳುವುದಾಯಿತು. ನೀರು? ಅವರ ಕಡೆ ಸುರಗಿ ಎಂದರೆ ನಾಲ್ಕೂ ಕೊಡ ಸುರಿಯಬೇಕು. ದೊಡ್ಡವ್ವನ ಪಾಲಿಗೆ ಬರುತ್ತಿದ್ದದ್ದು ದಿನಕ್ಕೆ ಎರಡೇ ಕೊಡ. ಅದರಲ್ಲಿ ಒಂದು ಅಡಿಗೆಗೆ. ಉಳಿದ ಒಂದರಲ್ಲಿ ಹೆಣ್ಣುಗಂಡು ಇಬ್ಬರಿಗೂ ತಲೆಯಿಂದ ಕಾಲಿನ ತನಕ ಎಣ್ಣೆ ಅರಿಸಿನ ಹೋಗಬೇಕು.

"ಒಂದು ಕೊಡದಾಗ ಇಬ್ಬರ ಜಳಕ! ಒಬ್ಬರ ಬಲಗಾಲು ತೊಳಿಯೂದ್ರಾಗ ಮುಗೀತೈತಿ" ಎಂದಳು.

ಆ ಮಾತು ನೂರ್ ಅಹ್ಮದನ ಗಾಡಿ ಏರಿ ಅವನ ಹೆಂಡತಿ ಬಿಸ್ಮಿಲ್ಲಾ ಬಿಯ ಕಿವಿಗೆ ಬಿತ್ತು. ಮಧ್ಯಾಹ್ನ ಅವಳೇ ಬಂದಳು. ಕೈಯಲ್ಲಿ ತಾಮ್ರದ ಬದನಾ ಇತ್ತು. ಉದ್ದ ಮೂತಿಯ ಪಾತ್ರೆ, ನಮಾಜಿಗೆ ಮೊದಲು ಕೈಕಾಲು ತೊಳೆಯುವಂಥದ್ದು.

"ಹೊಸದು ಐತೆ, ಇನ್ನೂ ನೀರು ಕಂಡಿಲ್ಲ. ಹುಡುಗಿಗೆ ಮದುವೆ ಆಹೇರಿ ಅಂತ ತಿಳ್ಕೊಳ್ಳಿ" ಎಂದಳು. "ನಮ್ಮ ಮನ್ಯಾಗ ಏಳು ಮಂದಿ ದಿನಾ ಐದು ಸರ್ತಿ ಕೈ, ಮುಖ, ಕಾಲು ತೊಳಿತಾರೆ. ಒಂದೇ ಕೊಡದಾಗ. ನಿಮಗೆ ಇಬ್ಬರಿಗೆ ಸಾಕಾಗಲ್ವಾ? ನೀವು ನೀರು ಹಾಕ್ತೀರೋ, ಎತ್ತಿ ಒಗಿತೀರೋ?"

"ಒಗಿಯೂದು ಯಾಕ? ಹಾಕಾಕ ನಮಗೂ ಬರ್ತೈತಿ" ಎಂದು ಪಾರ್ವತವ್ವ ಬದನಾ ಕಸಿದುಕೊಂಡಳು. ಅಂಗಳದಲ್ಲಿ ಮಗಳ ಕೈಯ ಮೇಲೆ ಹೊಯ್ದು ನೋಡಿದಳು. ನೀರು ಬೆರಳಿನಷ್ಟು ಸಣ್ಣಗೆ ಬಂತು. ಹೋಗಬೇಕಾದಲ್ಲಿಗೇ ಹೋಯಿತು. ಎರಡು ಕೈ ಮೊಣಕೈ ತನಕ ತೊಳೆದರೂ ಬದನಾ ಅರ್ಧ ಉಳಿದಿತ್ತು. ಪಾರ್ವತವ್ವ ಮೂತಿಯನ್ನು ಹತ್ತಿರದಿಂದ ನೋಡಿದಳು. "ಇಷ್ಟು ದಿನ ಎಲ್ಲಿತ್ತು ಇದು?" ಎಂದಳು. ಅಂದರೆ ಒಪ್ಪಿದಳು.

ಹೇಳಿದ ದಿನಕ್ಕೇ ಸುರಗಿ ಸುತ್ತಿದರು. ಕೋಣೆಯಲ್ಲಿ ಎಂಬತ್ತಕ್ಕೂ ಹೆಚ್ಚು ಪಾತ್ರೆ. ಕೊಡ, ಹಂಡೆ, ಬೋಗುಣಿ, ಮಣೆಯ ಮೇಲೆ ಮಣೆ ಇಟ್ಟು ಸೂರಿನ ತನಕ. ನಾಲ್ಕು ಮೂಲೆಗೆ ಜಪ್ತಿಯಾದ ನಾಲ್ಕು ಕೊಡ ಬಂದವು. ಮೊದಲ ಮೂಲೆಗೆ ಗಿರಿಜವ್ವನದು. ಇನ್ನೊಂದು ದೇವಕಿಯದು. ಅವಳ ಕೊಡವೂ ಹಿಂದಿನ ವಾರ ಬಲೆಗೆ ಬಿದ್ದಿತ್ತು, ಅವಳು ನಲ್ಲಿಯ ಹತ್ತಿರ ಗಿರಿಜವ್ವನ ಕಥೆ ಹೇಳುತ್ತ ಮೈಮರೆತಿದ್ದಳು.

ನೀರು ಗಟಾರ ಮುಟ್ಟಬಾರದು. ಆದ್ದರಿಂದ ಹೆಣ್ಣುಗಂಡನ್ನು ಅಧ್ಯಕ್ಷರ ಕೊಪ್ಪರಿಗೆಯೊಳಗೆ ಕೂರಿಸಿದರು. ಅದರ ತಳ ದುಂಡಗೆ. ಅಂದಾನಪ್ಪ ಕೂತ, ಕೊಪ್ಪರಿಗೆ ಅತ್ತ ವಾಲಿತು. ಗಿರಿಜವ್ವ ಕೂತಳು, ಇತ್ತ ವಾಲಿತು. ಇಬ್ಬರೂ ಒಟ್ಟಿಗೆ ಸರಿದರು, ಅದು ದೋಣಿಯ ಹಾಗೆ ತೂಗತೊಡಗಿತು. ನೂರ್ ಅಹ್ಮದ್ ಓಡಿ ಹೋಗಿ ಗಾಡಿಯ ಗಾಲಿಗೆ ಕೊಡುವ ಕಲ್ಲು ತಂದು ಎರಡು ಕಡೆ ಕೊಟ್ಟ. "ಬ್ರೇಕ್ ಹಾಕೀನಿ, ಸುರು ಮಾಡ್ರಿ!" ಎಂದ.

ಮದುವೆ ಮಾಡಿಸಲು ಬಂದ ಸಂಗಯ್ಯನವರು ಮಂತ್ರ ಎತ್ತಿದರು. ಅವರು ಎತ್ತಿದ ದನಿಯನ್ನು ಎಂಬತ್ತು ಖಾಲಿ ಪಾತ್ರೆಗಳು ಹಿಡಿದುಕೊಂಡು ತಿರುಗಿ ಹೇಳಿದವು. ಕೋಣೆ ಗುಂಯ್ ಎಂದಿತು. ಸಂಗಯ್ಯನವರು ಬೆಚ್ಚಿ ನಿಲ್ಲಿಸಿದರು. ಪಾತ್ರೆಗಳು ಇನ್ನೂ ಸ್ವಲ್ಪ ಹೊತ್ತು ಹೇಳಿದವು. ಮುಖದ ತುಂಬ ಅರಿಸಿನ ಮೆತ್ತಿ ಕಣ್ಣು ಮುಚ್ಚಿ ಕೂತಿದ್ದ ಅಂದಾನಪ್ಪ ಹೇಳಿದ: "ಕಡೀಕ ಅಂದದ್ದು ದೇವಕಕ್ಕನ ಕೊಡ. ತಳದಾಗ ನಗ್ಗು ಐತಿ."

ಗಿರಿಜವ್ವನಿಗೆ ನಗು ತಡೆಯಲಿಲ್ಲ. ಬಿಕ್ಕಳಿಕೆ ಹತ್ತಿತು. ಅವಳು ಬಿಕ್ಕಿದಾಗಲೆಲ್ಲ ಕೊಪ್ಪರಿಗೆ ಕುಲುಕಿತು, ಕೋಣೆಯ ಪಾತ್ರೆಗಳೆಲ್ಲ ಬಿಕ್ಕಿದವು. ಪಾರ್ವತವ್ವ ಬದನಾ ಹಿಡಿದು ತಲೆಗೆ ಹೊಯ್ಯಲು ನೋಡಿದರೆ ತಲೆ ನಿಲ್ಲುತ್ತಿಲ್ಲ. "ನಿಲ್ಲೇ ಹುಚ್ಚಿ, ಹನಿ ಹೊರಗ ಬಿದ್ರ ನಿನ್ನ ಗಂಡ ನನ್ನನ್ನೂ ಜಪ್ತಿ ಮಾಡ್ತಾನ!" ಎಂದು ಬೈದಳು. ಬೈಯುತ್ತ ತಾನೂ ನಕ್ಕಳು. ಆದರೂ ಹನಿ ಹೊರಗೆ ಬೀಳಲಿಲ್ಲ. ಇಬ್ಬರ ಜಳಕ ಮುಗಿದ ಮೇಲೆ ಕೊಡದಲ್ಲಿ ಇನ್ನೂ ಎರಡು ತಂಬಿಗೆ ನೀರಿತ್ತು. ಮುಂದೆ ಬನವಾಸಿಯಲ್ಲಿ ಪಾರ್ವತವ್ವ ಆ ಎರಡು ತಂಬಿಗೆಯ ಮಾತನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಕೇಳುವವರು ಎದ್ದು ಹೋಗುತ್ತಿದ್ದರು, ಅವಳು ಬಾಗಿಲ ತನಕ ಬಂದು ಹೇಳುತ್ತಿದ್ದಳು.

ಕೊಪ್ಪರಿಗೆಯಲ್ಲಿ ಉಳಿದ ಅರಿಸಿನದ ನೀರನ್ನು ಚೆಲ್ಲುವಂತಿರಲಿಲ್ಲ. ನೂರ್ ಅಹ್ಮದನ ಎತ್ತುಗಳಿಗೆ ಇಟ್ಟರು. ಬಾಯಾರಿದ್ದವು, ಸೊರಸೊರ ಕುಡಿದವು. ಮರುದಿನ ಪೇಟೆಯಲ್ಲಿ ನೀರಿನ ಗಾಡಿ ಬಂದಾಗ ಎರಡೂ ಎತ್ತಿನ ಮೂತಿ ಹಳದಿ. ಮದುಮಕ್ಕಳ ಹಾಗೆ. ಜನ ಬಾಗಿಲಿಗೆ ಬಂದು ನೋಡಿದರು. ಒಬ್ಬಳು ಮುದುಕಿ ಎತ್ತಿಗೆ ಕುಂಕುಮ ಹಚ್ಚಿ ದೃಷ್ಟಿ ತೆಗೆದಳು.

ಮದುವೆಯಾದ ಮರುಬೆಳಿಗ್ಗೆಯೇ ಅಂದಾನಪ್ಪ ಕಲ್ಲಿನ ಮೇಲೆ ಕೂತಿದ್ದ. ಗಿರಿಜವ್ವ ಸಾಲಿನಲ್ಲಿ ನಿಂತಿದ್ದಳು, ಮಣ್ಣಿನ ಕೊಡ ಹಿಡಿದುಕೊಂಡು. ಹಿತ್ತಾಳೆಯದು ಇನ್ನೂ ಕೋಣೆಯಲ್ಲೇ. ಹೆಂಡತಿ ಎಂದು ಅವನು ತಿರುಗಲಿಲ್ಲ. ಬಲಗಿವಿ ಮಾತ್ರ ಅಲುಗಿತು.

ಅವನ ಜೊತೆ ಬಾಳುವುದೆಂದರೆ ಹೀಗೇ. ಎದುರು ಕೂತು ಮಾತಾಡಿದ್ದು ಕಡಿಮೆ. ಬೆನ್ನಿನ ಹಿಂದೆ ಏನು ಮಾಡಿದರೂ ಅವನಿಗೆ ಗೊತ್ತಾಗುತ್ತಿತ್ತು. ಅವಳು ಅತ್ತರೂ ಗೊತ್ತಾಗುತ್ತಿತ್ತು, ಸದ್ದಿಲ್ಲದೆ ಅತ್ತರೂ. ಆಗ ತಿರುಗುತ್ತಿದ್ದ.

ಮೃಗಶಿರದ ಮಳೆ ಬಂತು. ಆರು ದಿನ ಬಿಡದೆ ಹೊಯ್ದಿತು. ಏಳನೇ ದಿನ ಚೌಡ ಕೆರೆಯಿಂದ ಓಡಿ ಬಂದ. "ಮೂರನೇ ಮೆಟ್ಲು ಮುಳುಗ್ತು!" ಎಂದು ಹಲಗೆ ಬಡಿದ. ಊರೇ ಕೊಡೆ ಹಿಡಿದು ಕಂಬಳಿ ಹೊದ್ದು ಕೋಣೆಯ ಮುಂದೆ ನಿಂತಿತು. ಅಂದಾನಪ್ಪ ಒಂದೊಂದೇ ಪಾತ್ರೆ ಎತ್ತಿ ಅಕ್ಷರ ಅಕ್ಷರವಾಗಿ ಹೆಸರು ಓದಿ ಕೊಟ್ಟ. ಅಧ್ಯಕ್ಷರ ಹೆಂಡತಿ ತಾವೇ ಬಂದು ಕೊಪ್ಪರಿಗೆ ಒಯ್ದರು. ಅದರ ಕಂಠಕ್ಕೆ ಅರಿಸಿನ ಇನ್ನೂ ಅಂಟಿತ್ತು. ತೊಳೆಯಬೇಡ ಎಂದು ಆಳಿಗೆ ಹೇಳಿದರು.

ಎಲ್ಲ ಹೋದ ಮೇಲೆ ಒಂದು ಕೊಡ ಉಳಿಯಿತು. ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಗಿರಿಜವ್ವ ಅದನ್ನು ಅವನ ಕೈಯಿಂದ ಇಸಿದುಕೊಂಡು ಸೂರಿನ ನೀರು ಬೀಳುವಲ್ಲಿ ಇಟ್ಟಳು. ಅವನು ಅಭ್ಯಾಸದಂತೆ ಬೆನ್ನು ಹಾಕಿ ಬಾಗಿಲ ಮೆಟ್ಟಿಲ ಮೇಲೆ ಕೂತ.

"ಎಷ್ಟು ತುಂಬೈತಿ?" ಕೇಳಿದಳು.

"ಅರ್ಧ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಮುಕ್ಕಾಲು. ಎತ್ತಿಕೋ."

ಅವಳು ಎತ್ತಲಿಲ್ಲ. ಸದ್ದು ಸಣ್ಣಗಾಯಿತು. ಕೀಚಲಾಯಿತು. ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಕೊಡ ತುಂಬಿತು. ಚೆಲ್ಲಿತು. ಹೆಸರಿನ ಮೇಲೆ ಇಳಿದು ಅಂಗಳದ ತುಂಬ ಹರಿಯಿತು.

"ಜಪ್ತಿ ಮಾಡ್ತೀರೇನ್ರಿ?" ಎಂದಳು. ಆಗಲೇ ಬಿಕ್ಕಳಿಕೆ ಹತ್ತಿತ್ತು.

ಅಂದಾನಪ್ಪ ತಿರುಗಿದ. ಕೊಡ ನೋಡಿದ. ಅವಳನ್ನು ನೋಡಿದ. ಆಮೇಲೆ ಮಳೆಯಲ್ಲಿ ನಿಂತು, ಕೆನ್ನೆ ಉಬ್ಬಿಸಿ, ಉಸಿರಿದ್ದಷ್ಟು ಹೊತ್ತು ಸೀಟಿ ಊದಿದ.

ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಸೂರಿನ ಕೆಳಗಿನ ಕೊಡ ಎತ್ತಿಕೊಂಡು ಒಳಗೆ ಓಡಿದರು.